ಅದೇ ಡೇಟಾಬೇಸ್, ಅದೇ ಕ್ವೆರಿ: ಓದುವ ಖಾತೆಗೆ ಮಾತ್ರ ಫಾರಿನ್ ಕೀಗಳು ಕಾಣದಿರುವುದೇಕೆ?

ಪ್ರಶ್ನೆ: ಒಂದು ಪತ್ತಿನ ಸಹಕಾರ ಸಂಘದ ಲೆಕ್ಕಪತ್ರದ ತಂತ್ರಾಂಶವನ್ನು ನೋಡಿಕೊಳ್ಳುತ್ತೇನೆ. ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿದೆ. ಯಾವ ಟೇಬಲ್‌ನಲ್ಲಿ ಯಾವ ಕಾಲಂಗಳಿವೆ, ಯಾವ ಟೇಬಲ್ ಯಾವುದಕ್ಕೆ ಫಾರಿನ್ ಕೀ (ಒಂದು ಟೇಬಲ್‌ನ ಸಾಲು ಇನ್ನೊಂದರ ಸಾಲನ್ನು ಉಲ್ಲೇಖಿಸುವ ನಿರ್ಬಂಧ) ಮೂಲಕ ಹೆಣೆದುಕೊಂಡಿದೆ ಎಂಬುದನ್ನು ಇನ್ಫರ್ಮೇಶನ್ ಸ್ಕೀಮಾದಿಂದ (ಡೇಟಾಬೇಸ್ ತನ್ನ ರಚನೆಯನ್ನು ತೋರಿಸುವ ಸಿದ್ಧ ಪಟ್ಟಿಗಳಿಂದ) ಓದಿ ದಾಖಲೆ ತಯಾರಿಸುವ ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿರುವ ಪ್ರತಿಯಲ್ಲಿ ಅದು 84 ಟೇಬಲ್ ಮತ್ತು 112 ಫಾರಿನ್ ಕೀ ತೋರಿಸುತ್ತದೆ. ಸರ್ವರ್‌ನಲ್ಲಿ, ವರದಿಗಳಿಗೆಂದು ಕೊಟ್ಟಿರುವ ಓದುವ ಖಾತೆಯಿಂದ ಓಡಿಸಿದರೆ 79 ಟೇಬಲ್ ಬರುತ್ತವೆ, ಫಾರಿನ್ ಕೀ ಒಂದೂ ಬರುವುದಿಲ್ಲ. ಯಾವ ದೋಷ ಸಂದೇಶವೂ ಇಲ್ಲ. ವಿಚಿತ್ರವೆಂದರೆ, ಅದೇ ಖಾತೆಯಿಂದ, ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಧನವಾದ ಪಿಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ನ ವಿವರ ತೋರಿಸುವ ‘ಬ್ಯಾಕ್‌ಸ್ಲ್ಯಾಶ್ ಡಿ’ ಆದೇಶ ಕೊಟ್ಟರೆ ಫಾರಿನ್ ಕೀಗಳೆಲ್ಲ ಕಾಣುತ್ತವೆ. ಇದು ಪೋಸ್ಟ್‌ಗ್ರೆಸ್‌ನ ದೋಷವೇ? ಆ ಖಾತೆಗೆ ಎಲ್ಲ ಅನುಮತಿ ತಪಾಸಣೆಗಳನ್ನೂ ಮೀರುವ ಸೂಪರ್ ಯೂಸರ್ ಹಕ್ಕು ಕೊಡಿಸಿಕೊಳ್ಳಬೇಕೇ? ಮುಂದೆ ಇದೇ ಸ್ಕ್ರಿಪ್ಟನ್ನು ಬೇರೆ ಡೇಟಾಬೇಸ್‌ಗಳ ಮೇಲೂ ಓಡಿಸುವ ಯೋಚನೆಯಿದೆ.

ಉತ್ತರ: ದೋಷವಲ್ಲ, ಸೂಪರ್ ಯೂಸರ್ ಹಕ್ಕೂ ಬೇಡ. ನಿಮ್ಮ ಸ್ಕ್ರಿಪ್ಟ್ ‘ಈ ಡೇಟಾಬೇಸ್‌ನಲ್ಲಿ ಏನೇನಿದೆ’ ಎಂದು ಕೇಳುತ್ತಿದೆ ಎಂದು ನೀವು ಭಾವಿಸಿದ್ದೀರಿ. ಆದರೆ ಇನ್ಫರ್ಮೇಶನ್ ಸ್ಕೀಮಾ ಉತ್ತರಿಸುತ್ತಿರುವುದು ‘ಈ ಖಾತೆಗೆ ಏನೇನು ತಿಳಿಯಬಹುದು’ ಎಂಬ ಬೇರೆಯದೇ ಪ್ರಶ್ನೆಗೆ. ಲ್ಯಾಪ್‌ಟಾಪಿನಲ್ಲಿ ನೀವು ಬಹುಶಃ ‘ಪೋಸ್ಟ್‌ಗ್ರೆಸ್’ ಎಂಬ ಸೂಪರ್ ಯೂಸರ್ ಖಾತೆಯಿಂದಲೇ ಕೆಲಸ ಮಾಡುತ್ತಿರುವುದರಿಂದ ಈ ಎರಡು ಪ್ರಶ್ನೆಗಳ ಉತ್ತರ ಅಲ್ಲಿ ಒಂದೇ ಆಗಿಬಿಡುತ್ತದೆ, ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಮಾತು: ಕಾಣೆಯಾದ ಐದು ಟೇಬಲ್‌ಗಳಿಗೂ ಕಾಣೆಯಾದ 112 ಫಾರಿನ್ ಕೀಗಳಿಗೂ ಕಾರಣ ಒಂದೇ ಅಲ್ಲ. ಒಂದೊಂದಾಗಿ ಹೇಳುತ್ತೇನೆ. ಮುಂದೆ ಬರುವ ಕ್ಯಾಟಲಾಗ್ ಹೆಸರುಗಳಲ್ಲಿ ಪದಗಳ ನಡುವೆ ಜಾಗ ಕಂಡಲ್ಲೆಲ್ಲ ಅಂಡರ್‌ಸ್ಕೋರ್ ಇದೆ ಎಂದು ಓದಿಕೊಳ್ಳಿ.

ಪೋಸ್ಟ್‌ಗ್ರೆಸ್‌ನಲ್ಲಿ ಮೆಟಾಡೇಟಾಗೆ, ಅಂದರೆ ಡೇಟಾಬೇಸ್‌ನ ರಚನೆಯ ಮಾಹಿತಿಗೆ, ಎರಡು ಬಾಗಿಲುಗಳಿವೆ. ಒಂದು ಅದರ ಸ್ವಂತ ಕ್ಯಾಟಲಾಗ್, ಅಂದರೆ ‘ಪಿಜಿ ಕ್ಯಾಟಲಾಗ್’ ಎಂಬ ಸ್ಕೀಮಾದಲ್ಲಿರುವ (ಸ್ಕೀಮಾ ಎಂದರೆ ಟೇಬಲ್‌ಗಳನ್ನು ಗುಂಪುಗೂಡಿಸುವ ವಿಭಾಗ) ‘ಪಿಜಿ ಕ್ಲಾಸ್’, ‘ಪಿಜಿ ಆಟ್ರಿಬ್ಯೂಟ್’, ‘ಪಿಜಿ ಕನ್‌ಸ್ಟ್ರೇಂಟ್’ ಮೊದಲಾದ ನಿಜವಾದ ಟೇಬಲ್‌ಗಳು. ಇವುಗಳಲ್ಲಿ ಹೆಚ್ಚಿನವನ್ನು ಡೇಟಾಬೇಸ್‌ಗೆ ಸಂಪರ್ಕ ಪಡೆದ ಯಾರು ಬೇಕಾದರೂ ಓದಬಹುದು, ಮತ್ತು ಓದಿದಾಗ ಎಲ್ಲ ಸಾಲುಗಳೂ ಬರುತ್ತವೆ. ಇನ್ನೊಂದು ಇನ್ಫರ್ಮೇಶನ್ ಸ್ಕೀಮಾ: 1992ರ ಎಸ್‌ಕ್ಯೂಎಲ್ ಮಾನದಂಡದಲ್ಲಿ ರೂಪುಗೊಂಡು, ಪೋಸ್ಟ್‌ಗ್ರೆಸ್‌ಗೆ 2003ರ 7.4ನೇ ಆವೃತ್ತಿಯಲ್ಲಿ ಬಂದ ವ್ಯೂಗಳ, ಅಂದರೆ ಹೆಸರಿಟ್ಟು ಉಳಿಸಿದ ಕ್ವೆರಿಗಳ, ಗುಂಪು. ಮಾನದಂಡವನ್ನು ಬರೆದವರ ಕಲ್ಪನೆಯಲ್ಲಿ ಹಿಂದೆ ಒಂದು ಡೆಫಿನಿಶನ್ ಸ್ಕೀಮಾ ಇರುತ್ತದೆ, ಅದರಲ್ಲಿ ಎಲ್ಲವೂ ಇರುತ್ತದೆ, ಅದನ್ನು ಯಾರೂ ನೇರವಾಗಿ ಮುಟ್ಟುವಂತಿಲ್ಲ; ಮುಂದಿರುವ ಇನ್ಫರ್ಮೇಶನ್ ಸ್ಕೀಮಾದ ವ್ಯೂಗಳು ಕೇಳುವವನು ಯಾರು ಎಂದು ನೋಡಿ ಸಾಲುಗಳನ್ನು ಜರಡಿ ಹಿಡಿದು ಕೊಡುತ್ತವೆ. ಜರಡಿ ಹಿಡಿಯುವುದು ಇಲ್ಲಿ ಅಡ್ಡ ಪರಿಣಾಮವಲ್ಲ, ಆ ವ್ಯೂಗಳು ಹುಟ್ಟಿದ್ದೇ ಅದಕ್ಕಾಗಿ. ಪಿಎಸ್‌ಕ್ಯೂಎಲ್‌ನ ‘ಬ್ಯಾಕ್‌ಸ್ಲ್ಯಾಶ್ ಡಿ’ ಮೊದಲ ಬಾಗಿಲಿನಿಂದ ಹೋಗುತ್ತದೆ, ನಿಮ್ಮ ಸ್ಕ್ರಿಪ್ಟ್ ಎರಡನೆಯದರಿಂದ. ನೀವು ಕಂಡ ವಿಚಿತ್ರ ಅಷ್ಟೇ.

ಜರಡಿಯ ಕಣ್ಣುಗಳು ಎಲ್ಲ ವ್ಯೂಗಳಲ್ಲೂ ಒಂದೇ ಅಳತೆಯವಲ್ಲ ಎಂಬುದೇ ಜನರನ್ನು ಹೆಚ್ಚು ದಾರಿ ತಪ್ಪಿಸುವ ಸಂಗತಿ. ‘ಟೇಬಲ್ಸ್’ ಎಂಬ ವ್ಯೂ ಉದಾರಿ: ಟೇಬಲ್‌ನ ಒಡೆತನವಿದ್ದರೆ, ಅಥವಾ ಅದರ ಮೇಲೆ, ಇಲ್ಲವೇ ಅದರ ಯಾವುದಾದರೂ ಒಂದು ಕಾಲಂ ಮೇಲೆ, ಓದುವ ಅನುಮತಿಯಾದ ಸೆಲೆಕ್ಟ್‌ನಿಂದ ಹಿಡಿದು ಯಾವ ಅನುಮತಿ ಇದ್ದರೂ ಸಾಕು, ಸಾಲು ಕಾಣುತ್ತದೆ. ಕನ್‌ಸ್ಟ್ರೇಂಟ್‌ಗಳನ್ನು, ಅಂದರೆ ಫಾರಿನ್ ಕೀಯಂಥ ನಿರ್ಬಂಧಗಳನ್ನು, ಪಟ್ಟಿ ಮಾಡುವ ‘ಟೇಬಲ್ ಕನ್‌ಸ್ಟ್ರೇಂಟ್ಸ್’ ಹಾಗಲ್ಲ. ಅದು ಒಡೆಯನಿಗೆ, ಅಥವಾ ಸೆಲೆಕ್ಟ್ ಅಲ್ಲದ ಬೇರೊಂದು ಅನುಮತಿ ಇರುವವನಿಗೆ ಮಾತ್ರ ಸಾಲು ಕೊಡುತ್ತದೆ. ಇನ್ಸರ್ಟ್, ಅಪ್‌ಡೇಟ್, ಡಿಲೀಟ್, ಟ್ರಂಕೇಟ್, ರೆಫರೆನ್ಸಸ್, ಟ್ರಿಗರ್ ಇವುಗಳಲ್ಲಿ ಒಂದಿದ್ದರೂ ನಡೆಯುತ್ತದೆ, ಸೆಲೆಕ್ಟ್ ಒಂದೇ ಇದ್ದರೆ ನಡೆಯುವುದಿಲ್ಲ. ಈ ವ್ಯೂಗಳನ್ನು ಕಟ್ಟುವ ಪೋಸ್ಟ್‌ಗ್ರೆಸ್‌ನ ಮೂಲ ಕಡತವನ್ನು ತೆರೆದು ನೋಡಿದರೆ ಆ ಷರತ್ತಿನ ಪಕ್ಕದಲ್ಲಿಯೇ, ಸೆಲೆಕ್ಟನ್ನು ಬಿಟ್ಟಿರುವುದು ಎಸ್‌ಕ್ಯೂಎಲ್ ಮಾನದಂಡದಂತೆ ಎಂದು ಒಂದು ಸಾಲಿನ ಟಿಪ್ಪಣಿ ಇದೆ. ಅಂದರೆ ಬರೆದವರು ಮರೆತು ಬಿಟ್ಟದ್ದಲ್ಲ. ‘ರೆಫರೆನ್ಶಿಯಲ್ ಕನ್‌ಸ್ಟ್ರೇಂಟ್ಸ್’ ವ್ಯೂ ಕೂಡ ಇದೇ ನಿಯಮವನ್ನು ಪಾಲಿಸುತ್ತದೆ. ‘ಕನ್‌ಸ್ಟ್ರೇಂಟ್ ಕಾಲಂ ಯೂಸೇಜ್’ ಇನ್ನೂ ಬಿಗಿ: ಟೇಬಲ್‌ನ ಒಡೆತನವಿರುವ ರೋಲ್‌ಗೆ (ಪೋಸ್ಟ್‌ಗ್ರೆಸ್‌ನಲ್ಲಿ ಖಾತೆಗೂ ಖಾತೆಗಳ ಗುಂಪಿಗೂ ಇದೇ ಹೆಸರು) ನೀವು ಸೇರಿದ್ದರೆ ಮಾತ್ರ ಸಾಲು ಬರುತ್ತದೆ, ಬೇರಾವ ಅನುಮತಿಯೂ ಅಲ್ಲಿ ಲೆಕ್ಕಕ್ಕಿಲ್ಲ. ಆದರೆ ‘ಕೀ ಕಾಲಂ ಯೂಸೇಜ್’ ಮಾತ್ರ ಬರೀ ಸೆಲೆಕ್ಟ್ ಇದ್ದರೂ ತೆರೆದುಕೊಳ್ಳುತ್ತದೆ.

ಫಾರಿನ್ ಕೀ ಪಟ್ಟಿ ಮಾಡಲು ಎಲ್ಲರೂ ನಕಲು ಮಾಡಿಕೊಳ್ಳುವ ಕ್ವೆರಿಯೊಂದಿದೆ. ‘ಟೇಬಲ್ ಕನ್‌ಸ್ಟ್ರೇಂಟ್ಸ್’, ‘ಕೀ ಕಾಲಂ ಯೂಸೇಜ್’, ‘ಕನ್‌ಸ್ಟ್ರೇಂಟ್ ಕಾಲಂ ಯೂಸೇಜ್’ ಈ ಮೂರನ್ನೂ ಕನ್‌ಸ್ಟ್ರೇಂಟ್ ಹೆಸರಿನ ಮೇಲೆ ಜಾಯಿನ್ ಮಾಡುವ, ಅಂದರೆ ಆ ಹೆಸರು ಒಂದೇ ಇರುವ ಸಾಲುಗಳನ್ನು ಜೋಡಿಸುವ, ಕ್ವೆರಿ ಅದು. ನಿಮ್ಮ ಸ್ಕ್ರಿಪ್ಟಿನಲ್ಲಿರುವುದೂ ಅದೇ ಇರಬೇಕು. ಓದುವ ಖಾತೆಯಲ್ಲಿ ಮೂರರ ಪೈಕಿ ಎರಡು ಖಾಲಿ, ಒಂದು ತುಂಬಿದೆ. ಜಾಯಿನ್ ಮಾಡಿದಾಗ ಸೊನ್ನೆ. ಯಾರಾದರೂ ಸಹೋದ್ಯೋಗಿ ‘ರೆಫರೆನ್ಸಸ್ ಅನುಮತಿ ಕೊಟ್ಟುಬಿಡಿ, ಸರಿಹೋಗುತ್ತದೆ’ ಎಂದು ಸಲಹೆ ಕೊಟ್ಟರೆ ಒಪ್ಪಬೇಡಿ. ಮೊದಲನೆಯ ವ್ಯೂ ಆಗ ತುಂಬುತ್ತದೆ, ಮೂರನೆಯದು ಒಡೆತನವನ್ನೇ ಕೇಳುವುದರಿಂದ ಖಾಲಿಯೇ ಉಳಿಯುತ್ತದೆ, ಕ್ವೆರಿಯ ಉತ್ತರ ಸೊನ್ನೆಯಾಗಿಯೇ ಇರುತ್ತದೆ. ಮೇಲಾಗಿ ರೆಫರೆನ್ಸಸ್ ನಿರುಪದ್ರವಿ ಅನುಮತಿಯೂ ಅಲ್ಲ: ಅದನ್ನು ಪಡೆದವನು ತನ್ನ ಟೇಬಲ್‌ನಿಂದ ನಿಮ್ಮ ಸದಸ್ಯರ ಟೇಬಲ್‌ಗೆ ಫಾರಿನ್ ಕೀ ಹೂಡಿದರೆ, ನಾಳೆ ನೀವು ನಿಮ್ಮದೇ ಟೇಬಲ್‌ನ ಸಾಲೊಂದನ್ನು ಅಳಿಸಲು ಹೋದಾಗ ಅದು ಅಡ್ಡ ನಿಲ್ಲುತ್ತದೆ.

ಮಾನದಂಡ ಹೀಗೇಕೆ ಮಾಡಿತು? ನಿರ್ಬಂಧಗಳು ಬರೆಯುವವನಿಗೆ ಸಂಬಂಧಿಸಿದವು, ಬರೀ ಓದುವವನಿಗೆ ಅವುಗಳಿಂದ ಆಗಬೇಕಾದ್ದೇನೂ ಇಲ್ಲ ಎಂಬ ತರ್ಕ ಇದರ ಹಿಂದೆ ಕಾಣುತ್ತದೆ. ಸಾಲಿನ ಮೌಲ್ಯಗಳನ್ನು ಪರಿಶೀಲಿಸುವ ಚೆಕ್ ಕನ್‌ಸ್ಟ್ರೇಂಟ್‌ಗಳ ವಿಷಯದಲ್ಲಿ ಈ ತರ್ಕಕ್ಕೆ ಬೆಲೆಯಿದೆ. ಸಾಲದ ಮೊತ್ತ ಇಂತಿಷ್ಟನ್ನು ಮೀರಿದರೆ ಎರಡನೆಯ ಸಹಿ ಬೇಕು ಎಂಬ ನಿಯಮ ಚೆಕ್ ಕನ್‌ಸ್ಟ್ರೇಂಟ್ ಆಗಿ ಕುಳಿತಿದ್ದರೆ, ಅದನ್ನು ಎಲ್ಲರಿಗೂ ತೋರಿಸಬೇಕಾಗಿಲ್ಲ. ಫಾರಿನ್ ಕೀಗಳ ವಿಷಯದಲ್ಲಿ ಮಾತ್ರ ಈ ಬಿಗಿ ನನಗೆ ಅತಿಯೆನಿಸುತ್ತದೆ: ವರದಿ ಬರೆಯುವವನಿಗೆ ಟೇಬಲ್‌ಗಳ ನಂಟು ತಿಳಿಯದಿದ್ದರೆ ಅವನು ತಪ್ಪು ಜಾಯಿನ್ ಬರೆಯುತ್ತಾನೆ. ಆದರೂ ಪೋಸ್ಟ್‌ಗ್ರೆಸ್ ಮಾನದಂಡವನ್ನು ಅನುಸರಿಸಿದ್ದಕ್ಕೆ ಅದನ್ನು ದೂರುವಂತಿಲ್ಲ, ಏಕೆಂದರೆ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದಿಟ್ಟಿದೆ.

ಹಾಗಾಗಿ ಪರಿಹಾರ ಆ ಬಾಗಿಲಿನಲ್ಲಿದೆ. ‘ಪಿಜಿ ಕನ್‌ಸ್ಟ್ರೇಂಟ್’ ಟೇಬಲ್‌ನಲ್ಲಿ ‘ಕಾನ್‌ಟೈಪ್’ ಕಾಲಂ ‘ಎಫ್’ ಆಗಿರುವ ಸಾಲುಗಳೆಲ್ಲ ಫಾರಿನ್ ಕೀಗಳು. ‘ಕಾನ್‌ರೆಲ್‌ಐಡಿ’ ಕಾಲಂ ಉಲ್ಲೇಖಿಸುವ ಟೇಬಲ್ಲನ್ನೂ ‘ಕಾನ್‌ಎಫ್‌ರೆಲ್‌ಐಡಿ’ ಉಲ್ಲೇಖಿತವಾದ ಟೇಬಲ್ಲನ್ನೂ ಹೇಳುತ್ತವೆ. ‘ಕಾನ್‌ಕೀ’ ಮತ್ತು ‘ಕಾನ್‌ಎಫ್‌ಕೀ’ ಎಂಬವು ಕಾಲಂ ಸಂಖ್ಯೆಗಳ ಅರೇಗಳು (ಪಟ್ಟಿಗಳು), ಇವೆರಡನ್ನೂ ಒಟ್ಟಿಗೆ ಬಿಡಿಸಿ ‘ಪಿಜಿ ಆಟ್ರಿಬ್ಯೂಟ್’ ಜೊತೆ ಹೊಂದಿಸಿದರೆ ಕಾಲಂ ಹೆಸರುಗಳು ಸಿಗುತ್ತವೆ. ಬರೀ ಓದಲು ಬೇಕಾದ ಪಠ್ಯ ಸಾಕಾದರೆ ‘ಪಿಜಿ ಗೆಟ್ ಕನ್‌ಸ್ಟ್ರೇಂಟ್‌ಡೆಫ್’ ಎಂಬ ಫಂಕ್ಷನ್‌ಗೆ ಆ ಸಾಲಿನ ಓಐಡಿ (ಪೋಸ್ಟ್‌ಗ್ರೆಸ್ ಒಳಗೆ ಬಳಸುವ ಗುರುತು ಸಂಖ್ಯೆ) ಕೊಡಿ. ಹೀಗೆ ಬದಲಿಸಿದಾಗ ಇನ್ನೊಂದು ಹಳೆಯ ತೊಂದರೆಯೂ ತಾನಾಗಿ ಕಳಚಿಕೊಳ್ಳುತ್ತದೆ. ಕನ್‌ಸ್ಟ್ರೇಂಟ್ ಹೆಸರು ಸ್ಕೀಮಾದೊಳಗೆ ಒಂದೇ ಇರಬೇಕೆಂದು ಮಾನದಂಡ ಹೇಳಿದರೂ ಪೋಸ್ಟ್‌ಗ್ರೆಸ್ ಹಾಗೆ ಒತ್ತಾಯಿಸುವುದಿಲ್ಲ. ಎರಡು ಟೇಬಲ್‌ಗಳಲ್ಲಿ ಒಂದೇ ಹೆಸರಿನ ಕನ್‌ಸ್ಟ್ರೇಂಟ್ ಇದ್ದರೆ ಹೆಸರಿನ ಮೇಲೆ ಜಾಯಿನ್ ಮಾಡುವ ಆ ಪ್ರಸಿದ್ಧ ಕ್ವೆರಿ ಇಲ್ಲದ ನಂಟುಗಳನ್ನು ಹುಟ್ಟಿಸಿ ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನ 112 ನಿಜವಾಗಿಯೂ 112 ಹೌದೇ ಎಂಬುದನ್ನೂ ಹೊಸ ಕ್ವೆರಿಯಿಂದ ಒಮ್ಮೆ ಎಣಿಸಿ ನೋಡಿ. ಎಣಿಸುವಾಗ ಎರಡು ಕಾಲಂಗಳ ಫಾರಿನ್ ಕೀಯನ್ನು ಒಂದೆಂದೇ ಎಣಿಸಿ, ಹಳೆಯ ಕ್ವೆರಿ ಅದನ್ನೂ ಹಿಗ್ಗಿಸುತ್ತದೆ.

ಇಲ್ಲೊಂದು ಸಣ್ಣ ಮುಳ್ಳಿದೆ. ಟೇಬಲ್‌ನ ಓಐಡಿಯನ್ನು ‘ರೆಗ್‌ಕ್ಲಾಸ್’ ಮಾದರಿಗೆ ಬದಲಿಸಿ ಹೆಸರು ಪಡೆಯುವುದು ಸುಲಭದ ದಾರಿ, ಆದರೆ ಆ ಹೆಸರಿನ ಮುಂದೆ ಸ್ಕೀಮಾದ ಹೆಸರು ಬರುತ್ತದೋ ಇಲ್ಲವೋ ಎಂಬುದು ಆ ಖಾತೆಯ ಸರ್ಚ್ ಪಾತ್ (ಸ್ಕೀಮಾ ಹೆಸರಿಸದಿದ್ದಾಗ ಹುಡುಕುವ ಸ್ಕೀಮಾಗಳ ಪಟ್ಟಿ) ಮೇಲೆ ನಿಂತಿದೆ, ಮತ್ತು ಯೂಸೇಜ್ ಅನುಮತಿ (ಸ್ಕೀಮಾದೊಳಗೆ ಪ್ರವೇಶ) ಇಲ್ಲದ ಸ್ಕೀಮಾವನ್ನು ಸರ್ಚ್ ಪಾತ್ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಹೀಗಾಗಿ ಎಲ್ಲ ಸಾಲುಗಳೂ ಬಂದರೂ ಎರಡು ಖಾತೆಗಳಿಂದ ತೆಗೆದ ದಾಖಲೆಗಳನ್ನು ಹೋಲಿಸಿದಾಗ ನೂರಾರು ವ್ಯತ್ಯಾಸಗಳು ಕಾಣಬಹುದು, ಎಲ್ಲವೂ ಬರೀ ಬರಹದ ವ್ಯತ್ಯಾಸಗಳು. ‘ಪಿಜಿ ಕ್ಲಾಸ್’ ಮತ್ತು ‘ಪಿಜಿ ನೇಮ್‌ಸ್ಪೇಸ್’ ಎರಡನ್ನೂ ಜಾಯಿನ್ ಮಾಡಿ ಹೆಸರನ್ನು ನೀವೇ ಕಟ್ಟಿಕೊಳ್ಳುವುದು ಒಳ್ಳೆಯದು.

ಇನ್ನು ಐದು ಟೇಬಲ್‌ಗಳು. ‘ಪಿಜಿ ಕ್ಲಾಸ್’ನಲ್ಲಿ ಸಾಮಾನ್ಯ ಟೇಬಲ್‌ಗಳನ್ನೂ ಪಾರ್ಟಿಶನ್ ಮಾಡಿದ ಟೇಬಲ್‌ಗಳನ್ನೂ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ‘ಹ್ಯಾಸ್ ಟೇಬಲ್ ಪ್ರಿವಿಲೆಜ್’ ಫಂಕ್ಷನ್‌ನಿಂದ ಸೆಲೆಕ್ಟ್ ಇದೆಯೇ ಎಂದು ಕೇಳಿದರೆ ಆ ಐದೂ ಹೊರಬೀಳುತ್ತವೆ. ಅವು ಇತ್ತೀಚೆಗೆ ಸೇರಿಸಿದ ಟೇಬಲ್‌ಗಳಾಗಿರುತ್ತವೆ ಎಂದು ನಾನು ಊಹಿಸುತ್ತೇನೆ. ಓದುವ ಖಾತೆಯನ್ನು ಮಾಡಿದ ದಿನ ಯಾರೋ ‘ಸ್ಕೀಮಾದ ಎಲ್ಲ ಟೇಬಲ್‌ಗಳ ಮೇಲೆ ಸೆಲೆಕ್ಟ್’ ಎಂಬ ಗ್ರಾಂಟ್ ಕೊಟ್ಟಿರುತ್ತಾರೆ. ಆ ಆದೇಶ ಆ ಕ್ಷಣದಲ್ಲಿದ್ದ ಟೇಬಲ್‌ಗಳಿಗೆ ಮಾತ್ರ ಅನ್ವಯವಾಗುತ್ತದೆ, ಮರುದಿನ ಹುಟ್ಟಿದ ಟೇಬಲ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಮುಂದೆ ಹುಟ್ಟುವುದಕ್ಕೂ ಸಲ್ಲಬೇಕಾದರೆ 2010ರ 9.0 ಆವೃತ್ತಿಯಿಂದ ಇರುವ ‘ಆಲ್ಟರ್ ಡಿಫಾಲ್ಟ್ ಪ್ರಿವಿಲೆಜಸ್’ ಬೇಕು, ಅದನ್ನು ಬಳಸಿದವರೂ ಮುಗ್ಗರಿಸುವ ಜಾಗ ಒಂದಿದೆ: ಆ ಆದೇಶವನ್ನು ಕೊಟ್ಟ ರೋಲ್, ಇಲ್ಲವೇ ಆದೇಶದಲ್ಲಿ ಹೆಸರಿಸಿದ ರೋಲ್, ಮುಂದೆ ತಾನೇ ಸೃಷ್ಟಿಸುವ ಟೇಬಲ್‌ಗಳಿಗಷ್ಟೇ ಅದು ಅನ್ವಯ. ಡಿಬಿಎ (ಡೇಟಾಬೇಸ್ ನಿರ್ವಾಹಕ) ತನ್ನ ಖಾತೆಯಿಂದ ಆದೇಶ ಕೊಟ್ಟು, ಟೇಬಲ್‌ಗಳನ್ನು ತಂತ್ರಾಂಶದ ಮೈಗ್ರೇಶನ್ ಖಾತೆ (ಡೇಟಾಬೇಸ್‌ನ ರಚನೆಯನ್ನು ಬದಲಿಸುವ ಖಾತೆ) ಸೃಷ್ಟಿಸುತ್ತಿದ್ದರೆ ಆದೇಶ ಇದ್ದೂ ಇಲ್ಲದಂತೆ. 2021ರ 14ನೇ ಆವೃತ್ತಿಯಿಂದ ‘ಪಿಜಿ ರೀಡ್ ಆಲ್ ಡೇಟಾ’ ಎಂಬ ಸಿದ್ಧ ರೋಲ್ ಇದೆ, ಅದು ಎಲ್ಲ ಟೇಬಲ್‌ಗಳ ಓದು ಮತ್ತು ಎಲ್ಲ ಸ್ಕೀಮಾಗಳ ಯೂಸೇಜ್ ಎರಡನ್ನೂ ಕೊಡುತ್ತದೆ. ಆದರೆ ರೋಲ್‌ಗಳು ಇಡೀ ಕ್ಲಸ್ಟರ್‌ಗೆ, ಅಂದರೆ ಒಂದು ಸರ್ವರ್ ನಡೆಸುವ ಎಲ್ಲ ಡೇಟಾಬೇಸ್‌ಗಳಿಗೆ, ಸೇರಿದವು. ಅದೇ ಸರ್ವರ್‌ನಲ್ಲಿ ಬೇರೊಂದು ಸಂಘದ ಡೇಟಾಬೇಸ್ ಇದ್ದು ಅದಕ್ಕೆ ಸಂಪರ್ಕವೂ ತೆರೆದಿದ್ದರೆ ಅಲ್ಲಿಯೂ ಈ ಖಾತೆ ಎಲ್ಲವನ್ನೂ ಓದುತ್ತದೆ ಎಂಬುದು ನೆನಪಿರಲಿ.

ಇದರ ಉಲ್ಟಾ ಪ್ರಸಂಗವೂ ಇದೆ. ‘ಟೇಬಲ್ಸ್’ ವ್ಯೂ ಟೇಬಲ್ ಮೇಲಿನ ಅನುಮತಿಯನ್ನು ನೋಡುತ್ತದೆಯೇ ಹೊರತು ಸ್ಕೀಮಾ ಮೇಲಿನ ಯೂಸೇಜ್ ಅನುಮತಿಯನ್ನಲ್ಲ. ಟೇಬಲ್‌ಗೆ ಸೆಲೆಕ್ಟ್ ಕೊಟ್ಟು ಸ್ಕೀಮಾಗೆ ಯೂಸೇಜ್ ಕೊಡಲು ಮರೆತರೆ ಪಟ್ಟಿಯಲ್ಲಿ ಟೇಬಲ್ ಕಾಣುತ್ತದೆ, ಓದಲು ಹೋದರೆ ಸ್ಕೀಮಾಗೆ ಅನುಮತಿ ಇಲ್ಲವೆಂಬ ದೋಷ ಬರುತ್ತದೆ. ಮನೆಯ ಬೀಗದ ಕೈ ಇದೆ, ಕಾಂಪೌಂಡಿನ ಗೇಟಿಗಿಲ್ಲ.

ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡುವುದು ಅರ್ಧ ಉತ್ತರಗಳು. ಸೊನ್ನೆ ಸಾಲು ಬಂದರೆ ಯಾರಾದರೂ ಅನುಮಾನ ಪಡುತ್ತಾರೆ, ನೀವೂ ಪಟ್ಟಿರಿ. ಆದರೆ ಕಾಲಂ ಮಟ್ಟದಲ್ಲಿ ಅನುಮತಿ ಕೊಟ್ಟಿರುವ ಟೇಬಲ್ಲನ್ನು ನೋಡಿ: ಸದಸ್ಯರ ಟೇಬಲ್‌ನ 14 ಕಾಲಂಗಳಲ್ಲಿ ಆಧಾರ್ ಸಂಖ್ಯೆ, ಫೋನ್ ಮುಂತಾದವನ್ನು ಬಿಟ್ಟು ಆರಕ್ಕೆ ಮಾತ್ರ ಸೆಲೆಕ್ಟ್ ಕೊಟ್ಟಿದ್ದರೆ, ‘ಕಾಲಮ್ಸ್’ ವ್ಯೂ ಆ ಆರನ್ನೇ ಕೊಡುತ್ತದೆ, ನಿಮ್ಮ ಸ್ಕ್ರಿಪ್ಟ್ ಆರು ಕಾಲಂಗಳ ಟೇಬಲ್ ಎಂದು ಅಚ್ಚುಕಟ್ಟಾಗಿ ದಾಖಲಿಸುತ್ತದೆ, ಓದಿದವರಿಗೆ ಅನುಮಾನವೂ ಬರುವುದಿಲ್ಲ. ಸಾಲು ಇದ್ದು ಅದರೊಳಗಿನ ಒಂದು ಕೋಶ ಮಾತ್ರ ಖಾಲಿಯಾಗುವ ಬಗೆಯೂ ಉಂಟು: ‘ವ್ಯೂಸ್’ ಎಂಬಲ್ಲಿ ವ್ಯೂನ ಒಡೆಯನ ರೋಲ್ ನಿಮ್ಮದಲ್ಲದಿದ್ದರೆ ‘ವ್ಯೂ ಡೆಫಿನಿಶನ್’ ಕಾಲಂ ನಲ್ ಆಗಿರುತ್ತದೆ, ಫಂಕ್ಷನ್‌ಗಳ ಪಟ್ಟಿಯಾದ ‘ರುಟೀನ್ಸ್’ನಲ್ಲಿ ‘ರುಟೀನ್ ಡೆಫಿನಿಶನ್’ ಕೂಡ ಹಾಗೆಯೇ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಹಳೆಯ ಸರ್ವರ್‌ನಿಂದ ಹೊಸದಕ್ಕೆ ಏನೇನು ಸಾಗಿಸಬೇಕೆಂಬ ಪಟ್ಟಿಯನ್ನು ಇಂಥದೇ ಸೀಮಿತ ಖಾತೆಯಿಂದ ತೆಗೆದು, ಡೆಫಿನಿಶನ್ ನಲ್ ಇದ್ದ ವ್ಯೂಗಳನ್ನು ‘ಬಳಕೆಯಲ್ಲಿಲ್ಲ’ ಎಂದು ತೀರ್ಮಾನಿಸಿ ಕೈಬಿಟ್ಟಿದ್ದೆವು. ತಿಂಗಳ ಕೊನೆಯ ವರದಿಗಳು ನಿಂತಾಗ ಗೊತ್ತಾಯಿತು.

ಪಿಜಿ ಕ್ಯಾಟಲಾಗ್ ಕೂಡ ಪೂರ್ತಿ ತೆರೆದ ಬಯಲಲ್ಲ. ಪಾಸ್‌ವರ್ಡ್‌ಗಳ ಹ್ಯಾಶ್ (ಗೂಢ ರೂಪ) ಇರುವ ‘ಪಿಜಿ ಆಥ್‌ಐಡಿ’ಯನ್ನು ಸಾಮಾನ್ಯ ಖಾತೆ ಓದುವಂತಿಲ್ಲ. ‘ಪಿಜಿ ಸ್ಟ್ಯಾಟಿಸ್ಟಿಕ್’ ಟೇಬಲ್ ಕೂಡ ಮುಚ್ಚಿದೆ, ಕಾರಣ ಸ್ವಾರಸ್ಯಕರ: ಕ್ವೆರಿ ಯೋಜನೆಗೆಂದು ಅದು ಪ್ರತಿ ಕಾಲಂನಲ್ಲಿ ಹೆಚ್ಚಾಗಿ ಬರುವ ಮೌಲ್ಯಗಳನ್ನೇ ಇಟ್ಟುಕೊಂಡಿರುತ್ತದೆ, ಅಂದರೆ ಅಲ್ಲಿ ಮೆಟಾಡೇಟಾದ ವೇಷದಲ್ಲಿ ನಿಜವಾದ ಡೇಟಾ ಕುಳಿತಿದೆ. ಅದರ ಮೇಲಿನ ‘ಪಿಜಿ ಸ್ಟ್ಯಾಟ್ಸ್’ ವ್ಯೂ ನಿಮಗೆ ಓದಲು ಅನುಮತಿ ಇರುವ ಕಾಲಂಗಳ ಅಂಕಿಅಂಶವನ್ನಷ್ಟೇ ಕೊಡುತ್ತದೆ. ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ಯಲ್ಲಿ ಬೇರೆ ಖಾತೆಗಳ ಸಂಪರ್ಕಗಳ ಸಾಲು ಕಾಣುತ್ತದೆ, ಅವರು ಓಡಿಸುತ್ತಿರುವ ಕ್ವೆರಿಯ ಜಾಗದಲ್ಲಿ ಅನುಮತಿ ಸಾಲದು ಎಂಬ ಬರಹವಿರುತ್ತದೆ, 2017ರ 10ನೇ ಆವೃತ್ತಿಯಲ್ಲಿ ಬಂದ ‘ಪಿಜಿ ಮಾನಿಟರ್’ ರೋಲ್ ಕೊಟ್ಟರೆ ಪಠ್ಯ ಕಾಣುತ್ತದೆ. ಇಷ್ಟನ್ನು ಮುಚ್ಚಿಟ್ಟ ಪೋಸ್ಟ್‌ಗ್ರೆಸ್, ಫಂಕ್ಷನ್‌ಗಳ ಮೂಲ ಪಠ್ಯವನ್ನು ‘ಪಿಜಿ ಪ್ರೊಕ್’ನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಫಂಕ್ಷನ್ ಒಳಗೆ ಪಾಸ್‌ವರ್ಡ್ ಬರೆದಿಡುವ ಅಭ್ಯಾಸವಿರುವವರು ಇದನ್ನು ಎರಡು ಸಲ ಓದಿಕೊಳ್ಳಲಿ. ಡೇಟಾಬೇಸ್‌ಗಳ ಹೆಸರುಗಳೂ ಎಲ್ಲರಿಗೂ ಕಾಣುತ್ತವೆ.

ಬೇರೆ ಡೇಟಾಬೇಸ್‌ಗಳ ಮಾತು ಕೇಳಿದಿರಿ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2005ರ ಆವೃತ್ತಿಯಿಂದ ಈಚೆಗೆ ಪಕ್ಕದ ಬಾಗಿಲೇ ಇಲ್ಲ. ಅದರ ಸ್ವಂತ ಕ್ಯಾಟಲಾಗ್ ವ್ಯೂಗಳಾದ ‘ಸಿಸ್ ಟೇಬಲ್ಸ್’, ‘ಸಿಸ್ ಆಬ್ಜೆಕ್ಟ್ಸ್’ (ಈ ಎರಡು ಹೆಸರುಗಳ ನಡುವೆ ಮಾತ್ರ ಅಂಡರ್‌ಸ್ಕೋರ್ ಅಲ್ಲ, ಚುಕ್ಕಿ) ಕೂಡ ನೀವು ಒಡೆಯರಾಗಿರುವ ಅಥವಾ ಏನಾದರೊಂದು ಅನುಮತಿ ಪಡೆದಿರುವ ವಸ್ತುಗಳನ್ನು ಮಾತ್ರ ತೋರಿಸುತ್ತವೆ. ‘ಡಿಬಿ ಡೇಟಾರೀಡರ್’ ರೋಲ್‌ನಲ್ಲಿರುವ ಖಾತೆಗೆ ಟೇಬಲ್‌ಗಳೂ ವ್ಯೂಗಳೂ ಕಾಣುತ್ತವೆ, ಸ್ಟೋರ್ಡ್ ಪ್ರೊಸೀಜರ್‌ಗಳು (ಡೇಟಾಬೇಸ್‌ನಲ್ಲೇ ಉಳಿಸಿದ ಪ್ರೋಗ್ರಾಂಗಳು) ಕಾಣುವುದಿಲ್ಲ. ಎಕ್ಸಿಕ್ಯೂಟ್ ಅನುಮತಿ ಕೊಟ್ಟರೆ ಪ್ರೊಸೀಜರ್‌ನ ಹೆಸರು ಕಾಣುತ್ತದೆ, ಆದರೆ ‘ಆಬ್ಜೆಕ್ಟ್ ಡೆಫಿನಿಶನ್’ ಫಂಕ್ಷನ್ ಅದರ ಪಠ್ಯದ ಬದಲು ನಲ್ ಕೊಡುತ್ತದೆ. ಕಾಣದ ವಸ್ತುವಿನ ಹೆಸರು ಕೊಟ್ಟರೆ ‘ಆಬ್ಜೆಕ್ಟ್ ಐಡಿ’ ಕೂಡ ನಲ್ಲೇ ಕೊಡುತ್ತದೆ, ಆದ್ದರಿಂದ ‘ಈ ಪ್ರೊಸೀಜರ್ ಇಲ್ಲದಿದ್ದರೆ ಇದು ಹಳೆಯ ಆವೃತ್ತಿ’ ಎಂದು ತೀರ್ಮಾನಿಸುವ ಸ್ಕ್ರಿಪ್ಟ್‌ಗಳು ಕಡಿಮೆ ಅನುಮತಿಯ ಖಾತೆಯಲ್ಲಿ ಹೊಸ ಡೇಟಾಬೇಸನ್ನೇ ಹಳೆಯದೆಂದು ಬಗೆಯುತ್ತವೆ. ಇಲ್ಲಿ ಕೇಳಬೇಕಾದ ಅನುಮತಿ ‘ವ್ಯೂ ಡೆಫಿನಿಶನ್’, ಅದು ಡೇಟಾ ಓದುವ ಹಕ್ಕನ್ನು ಕೊಡದೆ ರಚನೆಯನ್ನು ಮಾತ್ರ ತೆರೆದು ತೋರಿಸುತ್ತದೆ. ನಿಮ್ಮಂಥ ಕೆಲಸಕ್ಕೆ ಇಷ್ಟು ಚೊಕ್ಕವಾದ ಅನುಮತಿ ಪೋಸ್ಟ್‌ಗ್ರೆಸ್‌ನಲ್ಲಿಯೂ ಇಲ್ಲ. ಮೆಟಾಡೇಟಾ ಕ್ವೆರಿಯನ್ನು ಪ್ರೊಸೀಜರ್ ಒಳಗಿಟ್ಟರೆ ಓನರ್‌ಶಿಪ್ ಚೈನಿಂಗ್ (ಪ್ರೊಸೀಜರ್, ಟೇಬಲ್ ಎರಡಕ್ಕೂ ಒಬ್ಬನೇ ಒಡೆಯನಾದರೆ ಟೇಬಲ್ ಮೇಲೆ ಕರೆದವನ ಅನುಮತಿ ನೋಡದಿರುವುದು) ನೆರವಿಗೆ ಬರುತ್ತದೆಂದು ಹಲವರು ನಂಬಿರುತ್ತಾರೆ. ಬರುವುದಿಲ್ಲ, ಕರೆದವನ ಅನುಮತಿಯೇ ಅಲ್ಲಿ ಲೆಕ್ಕ. ಬೇಕಾದರೆ ಬೇರೊಂದು ಖಾತೆಯ ಹಕ್ಕಿನಲ್ಲಿ ಓಡಿಸುವ ‘ಎಕ್ಸಿಕ್ಯೂಟ್ ಆ್ಯಸ್’ ಅಥವಾ ಸರ್ಟಿಫಿಕೇಟ್ ಸಹಿಯ ದಾರಿ ಹಿಡಿಯಬೇಕು.

ಒರಾಕಲ್ ಈ ವಿಷಯವನ್ನು ಹೆಸರಿನಲ್ಲೇ ಹೇಳಿಬಿಡುತ್ತದೆ, ಆ ಪ್ರಾಮಾಣಿಕತೆ ನನಗೆ ಇಷ್ಟ. ‘ಯೂಸರ್ ಟೇಬಲ್ಸ್’ ಎಂದರೆ ನನ್ನವು, ‘ಆಲ್ ಟೇಬಲ್ಸ್’ ಎಂದರೆ ನನ್ನ ಕೈಗೆಟಕುವವು, ‘ಡಿಬಿಎ ಟೇಬಲ್ಸ್’ ಎಂದರೆ ನಿಜವಾಗಿಯೂ ಎಲ್ಲವೂ. ‘ಆಲ್’ ಎಂಬ ಪದ ನೋಡಿ ಎಲ್ಲವೂ ಬಂತೆಂದುಕೊಂಡವರು ಮಾತ್ರ ಮೋಸ ಹೋಗುತ್ತಾರೆ. ಅನುಮತಿ ಇಲ್ಲದ ಟೇಬಲ್ಲಿಗೂ ಇಲ್ಲವೇ ಇಲ್ಲದ ಟೇಬಲ್ಲಿಗೂ ಒರಾಕಲ್ ಬಹುಕಾಲದಿಂದ ಒಂದೇ ಓಆರ್‌ಎ-00942 ಸಂದೇಶವನ್ನು, ಟೇಬಲ್ ಅಥವಾ ವ್ಯೂ ಅಸ್ತಿತ್ವದಲ್ಲಿಲ್ಲ ಎಂದೇ, ಕೊಡುತ್ತ ಬಂದಿದೆ. ‘ಇದೆ, ಆದರೆ ನಿನಗಿಲ್ಲ’ ಎಂದರೆ ಇರುವಿಕೆಯನ್ನೇ ಬಿಟ್ಟುಕೊಟ್ಟಂತಾಗುತ್ತದೆ. ‘ವಜಾ ಆಗಲಿರುವವರ ಪಟ್ಟಿ’ ಎಂಬ ಹೆಸರಿನ ಟೇಬಲ್ ಇದೆ ಎಂದು ತಿಳಿದರೆ ಅದನ್ನು ತೆರೆದು ನೋಡಬೇಕಾದ ಅಗತ್ಯವೇ ಇರುವುದಿಲ್ಲವಲ್ಲ.

ಒರಾಕಲ್‌ನಲ್ಲಿ ಇನ್ನೊಂದು ತಿರುವಿದೆ, ಅನುಭವಿಗಳೂ ಇಲ್ಲಿ ಅರ್ಧ ದಿನ ಕಳೆದಿದ್ದಾರೆ. ಅದೇ ಖಾತೆಯಿಂದ ನೇರವಾಗಿ ಕೇಳಿದಾಗ ‘ಆಲ್ ಟೇಬಲ್ಸ್’ 300 ಸಾಲು ಕೊಡುತ್ತದೆ ಎಂದಿಟ್ಟುಕೊಳ್ಳಿ, ಅದೇ ಖಾತೆಯ ಪಿಎಲ್‌ಎಸ್‌ಕ್ಯೂಎಲ್ (ಒರಾಕಲ್‌ನ ಸ್ವಂತ ಪ್ರೋಗ್ರಾಂ ಭಾಷೆ) ಪ್ರೊಸೀಜರ್ ಒಳಗಿನಿಂದ ಕೇಳಿದರೆ 40 ಮಾತ್ರ. ಸೃಷ್ಟಿಸಿದವನ ಹಕ್ಕಿನಲ್ಲಿ ಓಡುವ ಪ್ರೊಸೀಜರ್ ಒಳಗೆ ರೋಲ್‌ಗಳ ಮೂಲಕ ಬಂದ ಅನುಮತಿಗಳು ನಿಷ್ಕ್ರಿಯವಾಗುತ್ತವೆ, ಖಾತೆಗೆ ನೇರವಾಗಿ ಅಥವಾ ಪಬ್ಲಿಕ್‌ಗೆ (ಎಲ್ಲ ಖಾತೆಗಳಿಗೆ) ಕೊಟ್ಟವು ಮಾತ್ರ ಉಳಿಯುತ್ತವೆ. ಪರೀಕ್ಷಿಸಲು ಸೆಷನ್‌ನಲ್ಲಿ ‘ಸೆಟ್ ರೋಲ್ ನನ್’ ಕೊಟ್ಟು ಅದೇ ಕ್ವೆರಿಯನ್ನು ನೇರವಾಗಿ ಓಡಿಸಿ, ಪ್ರೊಸೀಜರ್ ಕೊಟ್ಟ ಸಂಖ್ಯೆಯೇ ಬರುತ್ತದೆ. ಪರಿಹಾರ ಎರಡು: ಪ್ರೊಸೀಜರನ್ನು ಕರೆಯುವವನ ಹಕ್ಕಿನಲ್ಲಿ ಓಡುವಂತೆ ಘೋಷಿಸುವುದು, ಇಲ್ಲವೇ ‘ಸೆಲೆಕ್ಟ್ ಎನಿ ಡಿಕ್ಷನರಿ’ಯಂಥ ಸಿಸ್ಟಂ ಅನುಮತಿಯನ್ನು ಖಾತೆಗೇ ನೇರವಾಗಿ ಕೊಟ್ಟು ‘ಡಿಬಿಎ ಟೇಬಲ್ಸ್’ನಿಂದ ಓದುವುದು. ‘ಸೆಲೆಕ್ಟ್ ಕ್ಯಾಟಲಾಗ್ ರೋಲ್’ ಕೊಟ್ಟರೆ, ಅದು ಹೆಸರೇ ಹೇಳುವಂತೆ ರೋಲ್ ಆದ್ದರಿಂದ, ಪ್ರೊಸೀಜರ್ ಒಳಗೆ ಕೆಲಸಕ್ಕೆ ಬಾರದು.

ಮೈಎಸ್‌ಕ್ಯೂಎಲ್ ಬಗ್ಗೆ ಚುಟುಕಾಗಿ: ಅದರ ಇನ್ಫರ್ಮೇಶನ್ ಸ್ಕೀಮಾ ಒಂದೇ ಕೊರತೆಗೆ ಮೂರು ರೀತಿ ವರ್ತಿಸುತ್ತದೆ. ‘ಟೇಬಲ್ಸ್’ನಲ್ಲಿ ಸಾಲು ಮೌನವಾಗಿ ಬಿಟ್ಟುಹೋಗುತ್ತದೆ, ‘ರುಟೀನ್ಸ್’ನ ಡೆಫಿನಿಶನ್ ನಲ್ ಆಗುತ್ತದೆ, ‘ಇನ್ನೊಡಿಬಿ’ ಎಂದು ಆರಂಭವಾಗುವ ಟೇಬಲ್‌ಗಳನ್ನು ಪ್ರೊಸೆಸ್ ಅನುಮತಿ ಇಲ್ಲದೆ ಮುಟ್ಟಿದರೆ ನೇರವಾಗಿ 1227 ಸಂಖ್ಯೆಯ ದೋಷ ಬರುತ್ತದೆ. 2020ರ ಜುಲೈಯಲ್ಲಿ ಬಂದ 8.0.21ರ ನಂತರ, ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕೆಲವರಲ್ಲಿ ಇದ್ದಕ್ಕಿದ್ದಂತೆ ಪ್ರೊಸೆಸ್ ಅನುಮತಿ ಕೇಳತೊಡಗಿದ್ದು ಟೇಬಲ್‌ಸ್ಪೇಸ್‌ಗಳ (ಡೇಟಾ ಇಡುವ ಕಡತಗಳ) ಮೆಟಾಡೇಟಾಗಾಗಿ; ಟೇಬಲ್‌ಸ್ಪೇಸ್ ಬೇಡವೆಂಬ ಆಯ್ಕೆ ಕೊಟ್ಟರೆ ಅನುಮತಿ ಬೇಕಾಗುವುದಿಲ್ಲ. ದೋಷ ಕೊಟ್ಟು ನಿಲ್ಲುವ ಈ ಮೂರನೆಯ ವರ್ತನೆಯೇ ಮೂರರಲ್ಲಿ ಸಭ್ಯವಾದುದು ಎಂದು ನನ್ನ ಎಣಿಕೆ.

ಕಾಣದ್ದನ್ನೆಲ್ಲ ಅನುಮತಿಯ ತಲೆಗೆ ಕಟ್ಟಲೂ ಬಾರದು. ಪೋಸ್ಟ್‌ಗ್ರೆಸ್‌ನ ಮೆಟೀರಿಯಲೈಸ್ಡ್ ವ್ಯೂಗಳು (ಫಲಿತಾಂಶವನ್ನೂ ಉಳಿಸಿಕೊಳ್ಳುವ ವ್ಯೂಗಳು) ಮಾನದಂಡದಲ್ಲಿಲ್ಲದ ವಸ್ತುಗಳಾದ್ದರಿಂದ ಇನ್ಫರ್ಮೇಶನ್ ಸ್ಕೀಮಾದಲ್ಲಿ ಸೂಪರ್ ಯೂಸರ್‌ಗೂ ಸಿಗುವುದಿಲ್ಲ. ಮೈಎಸ್‌ಕ್ಯೂಎಲ್ 8ರಲ್ಲಿ ಟೇಬಲ್‌ನ ಸಾಲುಗಳ ಸಂಖ್ಯೆ ಹಳೆಯದಾಗಿ ಕಂಡರೆ ಅದು 86,400 ಸೆಕೆಂಡುಗಳ, ಅಂದರೆ ಒಂದು ದಿನದ, ಪೂರ್ವನಿಗದಿತ ಕ್ಯಾಶ್‌ನ (ತಾತ್ಕಾಲಿಕವಾಗಿ ಉಳಿಸಿದ ಪ್ರತಿಯ) ಕೆಲಸ. ಅನುಮತಿಯೇ ಕಾರಣವೋ ಎಂದು ತಿಳಿಯಲು ಖಾತೆ ಬದಲಿಸಿ ನೋಡುವುದಕ್ಕಿಂತ ಚೊಕ್ಕ ಪರೀಕ್ಷೆಯಿಲ್ಲ, ಅದಕ್ಕೆ ಎರಡು ಬೇರೆ ಯಂತ್ರಗಳೂ ಬೇಕಿಲ್ಲ: ಲ್ಯಾಪ್‌ಟಾಪಿನಲ್ಲೇ ಓದುವ ರೋಲ್ ಒಂದನ್ನು ಸರ್ವರ್‌ನಲ್ಲಿರುವಂತೆಯೇ ಸೃಷ್ಟಿಸಿ, ಸೂಪರ್ ಯೂಸರ್ ಆಗಿ ಒಳಹೊಕ್ಕು ‘ಸೆಟ್ ರೋಲ್’ ಮಾಡಿ, ಅದೇ ಕ್ವೆರಿ ಓಡಿಸಿ. ಸ್ಕ್ರಿಪ್ಟಿನ ಪರೀಕ್ಷೆಗಳನ್ನು ಇನ್ನುಮುಂದೆ ಆ ರೋಲ್‌ನಲ್ಲಿಯೇ ಓಡಿಸಿದರೆ ಇಂಥದ್ದು ಸರ್ವರ್‌ಗೆ ಹೋಗುವ ಮೊದಲೇ ಸಿಕ್ಕಿಬೀಳುತ್ತದೆ.

ಜಾವಾ ಭಾಷೆಯಿಂದ ಡೇಟಾಬೇಸ್‌ಗೆ ಸಂಪರ್ಕ ಕೊಡುವ ಜೆಡಿಬಿಸಿ ಬಳಸುವ ಯೋಚನೆಯಿದ್ದರೆ ಅದರ ‘ಡೇಟಾಬೇಸ್ ಮೆಟಾಡೇಟಾ’ ಇಂಟರ್‌ಫೇಸ್‌ನಲ್ಲಿ ‘ಆಲ್ ಟೇಬಲ್ಸ್ ಆರ್ ಸೆಲೆಕ್ಟಬಲ್’ ಎಂಬ ಮೆಥಡ್ ಇರುವುದನ್ನು ಗಮನಿಸಿ. ಪಟ್ಟಿಯಲ್ಲಿ ಬಂದ ಎಲ್ಲ ಟೇಬಲ್‌ಗಳನ್ನೂ ಈ ಖಾತೆ ಓದಬಲ್ಲುದೇ ಎಂಬ ಪ್ರಶ್ನೆ ಅದು. ಪಟ್ಟಿಯೂ ಅನುಮತಿಯೂ ಒಂದಕ್ಕೊಂದು ಹೊಂದದೇ ಹೋಗಬಹುದು ಎಂದು ಆ ಇಂಟರ್‌ಫೇಸ್ ರೂಪಿಸಿದವರಿಗೆ ಗೊತ್ತಿತ್ತು.

ಇನ್ನು ಸೂಪರ್ ಯೂಸರ್ ಹಕ್ಕು. ದಾಖಲೆ ಬರೆಯುವ ಸ್ಕ್ರಿಪ್ಟಿಗೆ, ಅದೂ ಜನರ ಠೇವಣಿ-ಸಾಲಗಳ ಲೆಕ್ಕವಿರುವ ಡೇಟಾಬೇಸಿನ ಮೇಲೆ, ಅದನ್ನು ಕೇಳಬೇಡಿ, ಕೊಡಲು ಬಂದರೂ ತೆಗೆದುಕೊಳ್ಳಬೇಡಿ. ಟೇಬಲ್‌ಗಳ ಒಡೆಯ ರೋಲ್‌ಗೆ ಸೇರಿಸಿಕೊಳ್ಳುವುದೂ ಬೇಡ, ಇನ್ಫರ್ಮೇಶನ್ ಸ್ಕೀಮಾ ಪೂರ್ತಿ ತೆರೆದುಕೊಳ್ಳುತ್ತದೆ ನಿಜ, ಜೊತೆಗೆ ಟೇಬಲ್ ಕಿತ್ತುಹಾಕುವ ಹಕ್ಕೂ ಬರುತ್ತದೆ. ಟೇಬಲ್, ಕಾಲಂ, ಕನ್‌ಸ್ಟ್ರೇಂಟ್ ಮೂರನ್ನೂ ಪಿಜಿ ಕ್ಯಾಟಲಾಗ್‌ನಿಂದ ಓದುವಂತೆ ಬದಲಿಸಿದರೆ ಈಗಿರುವ ಖಾತೆಯೇ ಸಾಕು, 84 ಟೇಬಲ್‌ಗಳೂ ಬರುತ್ತವೆ. ಪ್ರತಿ ಟೇಬಲ್‌ನ ಪಕ್ಕದಲ್ಲಿ ಈ ಖಾತೆಗೆ ಸೆಲೆಕ್ಟ್ ಇದೆಯೋ ಇಲ್ಲವೋ ಎಂಬ ಕಾಲಂ ಒಂದನ್ನು ಸೇರಿಸಿ, ದಾಖಲೆಯ ತಲೆಯಲ್ಲಿ ‘ಕರೆಂಟ್ ಯೂಸರ್’ ಕೊಡುವ ಹೆಸರನ್ನೂ ದಿನಾಂಕವನ್ನೂ ಅಚ್ಚು ಮಾಡಿ. ಡಿಬಿಎ ಬಳಿ ಕೇಳಬೇಕಾದದ್ದು ಒಂದೇ: ಆ ಐದು ಟೇಬಲ್‌ಗಳಿಗೆ ಸೆಲೆಕ್ಟ್ ಕೊಡದಿರುವುದು ಮರೆವೋ, ಉದ್ದೇಶಪೂರ್ವಕವೋ. ಮರೆವಾಗಿದ್ದರೆ ಗ್ರಾಂಟ್ ಜೊತೆಗೆ, ಮೈಗ್ರೇಶನ್ ಖಾತೆಯ ಹೆಸರು ಹಿಡಿದು ಡಿಫಾಲ್ಟ್ ಪ್ರಿವಿಲೆಜಸ್ ಆದೇಶವನ್ನೂ ಕೊಡಲು ಹೇಳಿ, ಇಲ್ಲದಿದ್ದರೆ ಮುಂದಿನ ಬಿಡುಗಡೆಯಲ್ಲಿ ಆರನೆಯದು ಕಾಣೆಯಾಗುತ್ತದೆ.